ಅಭ್ಯುದಯದ ಬೇಟೆ

ಗುತ್ತಿಗಾರು ಮತ್ತು ಆಸುಪಾಸಿನ ಸಮಸ್ತ ಮಹಾಜನರಿಗೂ, ಅವರ ಹೆಂಡಿರು ಮಕ್ಕಳಿಗೂ, ಯಾವ ಮಹಾಜನರ ಪೈಕಿಗೂ ಸೇರದೆ ಹೊರಗುಳಿದವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ದೀನ ಕುಟುಂಬ ಸ್ವಾವಲಂಬನ ಸಂಘದ ಗಂಡುಹಂದಿಗೆ ಹೆಸರಿಡಲಾಗಿದೆ. ಹೆಸರು ಅಭ್ಯುದಯ. ಇಂದಿನಿಂದ ಅದನ್ನು ಯಾರೂ ‘ಹಂದಿ’ ಎಂದು ಕರೆಯತಕ್ಕದ್ದಲ್ಲ. ಕರೆದರೆ ಅದು ಸಂಘದ ಅಧ್ಯಕ್ಷರಿಗೇ ಮಾಡಿದ ಅವಮಾನವೆಂದು ತಿಳಿಯಲಾಗುವುದು.

ಕಾರ್ಯದರ್ಶಿ ಧರ್ಮಪಾಲ ಬೆಂಚು ಹತ್ತಿ ನಿಂತು ಇಷ್ಟನ್ನು ಸಾರಿದಾಗ ಚಪ್ಪರದಡಿ ಕೂತವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ದುಗ್ಗಮ್ಮನಿಗೆ ಮಾತ್ರ ನಗು ತಡೆಯಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡರೆ ಅದು ಮೂಗಿನಿಂದ ಹೊರಬಂತು.

“ಎಂತ ದುಗ್ಗಮ್ಮ, ನಗುದು?”

“ಎಂತದ್ದೂ ಇಲ್ಲ ಧರ್ಮಪಾಲಣ್ಣ. ಹಂದಿ ಅಂತ ಕರೆದ್ರೆ ಅಧ್ಯಕ್ಷರು ಓ ಅಂತಾರಾ ಅಂತ ಯೋಚನೆ ಮಾಡಿದೆ.”

ಅಧ್ಯಕ್ಷರೆಂದರೆ ಬೋಜಪ್ಪ. ಊರಗೌಡ. ಕೇಪಿನ ಕೋವಿ, ನಾಲ್ಕು ಬೇಟೆನಾಯಿ ಮತ್ತು ಒಂದು ಶಾಲು ಇರುವ ಮನುಷ್ಯ. ಬಡವರ ಉದ್ಧಾರವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ, ಬಡವರಿಗೆ ಉಸಿರು ಬಿಡಲು ಜಾಗವಿರಲಿಲ್ಲ. ಐವತ್ತೇಳನೆಯ ಇಸವಿ ಅದು. ದಿಲ್ಲಿಯಲ್ಲಿ ಪಂಚವಾರ್ಷಿಕ ಯೋಜನೆ ನಡೆಯುತ್ತಿತ್ತು. ತುಳುವಿನಲ್ಲಿ ಹಂದಿಗೆ ಪಂಜಿ ಎನ್ನುವುದರಿಂದ, ಬೋಜಪ್ಪನದ್ದಕ್ಕೆ ಊರವರು ಪಂಜಿವಾರ್ಷಿಕ ಯೋಜನೆ ಎಂದು ಹೆಸರಿಟ್ಟಿದ್ದರು.

ಯೋಜನೆ ಸರಳ. ಹನ್ನೆರಡು ಬಡಕುಟುಂಬಗಳಿಗೆ ಸಂಘದಿಂದ ಒಂದೊಂದು ಹೆಣ್ಣುಹಂದಿ. ಅದು ಮರಿ ಹಾಕಿದ ಮೇಲೆ ಎರಡು ಮರಿ ಸಂಘಕ್ಕೆ ವಾಪಸು, ಉಳಿದದ್ದೆಲ್ಲ ಕುಟುಂಬಕ್ಕೆ. ಆಗ ಆ ಕುಟುಂಬ ಸ್ವಂತ ಕಾಲಿನ ಮೇಲೆ ನಿಲ್ಲುತ್ತದೆ. ಮರಿ ವಾಪಸಾಗುವ ತನಕ ಮನೆಯ ಒಬ್ಬರು ‘ತರಬೇತಿ’ಗೆ ಬರಬೇಕು. ತರಬೇತಿ ಕೇಂದ್ರ ಬೋಜಪ್ಪನ ಹಟ್ಟಿ. ಅಲ್ಲಿ ಸೆಗಣಿ ಬಾಚುವುದು, ನೀರು ಸೇದುವುದು, ಸೊಪ್ಪು ಹೊರುವುದು, ಬೈಗುಳ ತಿನ್ನುವುದು ಎಲ್ಲ ಕಲಿಸುತ್ತಿದ್ದರು. ಹಂದಿ ಸಾಕುವುದೊಂದು ಬಿಟ್ಟು.

ಹೆಣ್ಣುಹಂದಿಗಳನ್ನು ದೀಪಾವಳಿಗೇ ಹಂಚಿ ಆಗಿತ್ತು. ಗಂಡು ಬರುವಾಗ ಜನವರಿ. ಗಂಡಿಲ್ಲದೆ ಮರಿಯಿಲ್ಲ, ಮರಿಯಿಲ್ಲದೆ ತರಬೇತಿಗೆ ಮುಕ್ತಾಯವಿಲ್ಲ. ಈ ತಡ ಬೋಜಪ್ಪನಿಗೇನೂ ತಡೆಯಾಗಿರಲಿಲ್ಲ.

ದುಗ್ಗಮ್ಮ ಕಾಡಂಚಿನ ಗುಡಿಸಲಿನ ವಿಧವೆ. ಗಂಡನನ್ನು ಆನೆ ತುಳಿದಿತ್ತು. ‘ಸ್ವಂತ ಕಾಲ ಮೇಲೆ ನಿಲ್ಲಿ’ ಎಂದು ಸಂಘದವರು ಹೇಳಿದಾಗಲೆಲ್ಲ ಅವಳಿಗೆ ಆ ಕಾಲೇ ಕಣ್ಣಿಗೆ ಬರುತ್ತಿತ್ತು. ಇರುವ ಒಬ್ಬಳೇ ಮಗಳು ಸೇವಂತಿ ಬೋಜಪ್ಪನಲ್ಲಿ ತರಬೇತಿಯಲ್ಲಿದ್ದಳು. ಸಭೆಯ ದಿನ ಅವಳಿಗೆ ಪಾನಕ ಹಂಚುವ ಕೆಲಸ. ತಾಯಿಗೆ ಲೋಟ ಚಾಚಿದಾಗ ರವಿಕೆಯ ತೋಳು ಮೇಲೆ ಸರಿಯಿತು. ಮೊಣಕೈಯಿಂದ ಹೆಗಲ ತನಕ ಬೆತ್ತದ ಬರೆ, ಒಂದರ ಮೇಲೊಂದು, ಬಾಡಿದ ವೀಳ್ಯದೆಲೆಯ ನರಗಳ ಹಾಗೆ.

“ಎಂತ ಮಗಾ ಇದು?”

“ತರಬೇತಿ,” ಅಂದಳು ಸೇವಂತಿ. ಮುಖದಲ್ಲಿ ಅಳುವಿರಲಿಲ್ಲ. ಅದೇ ದುಗ್ಗಮ್ಮನನ್ನು ಹೆಚ್ಚು ಹೆದರಿಸಿತು.

ದುಗ್ಗಮ್ಮ ಎದ್ದು ನೇರ ವೇದಿಕೆಗೆ ಹೋದಳು. “ಧನಿಗಳೇ, ನಾನು ಮಗಳನ್ನು ಕರ್ಕೊಂಡು ಹೋಗ್ತೇನೆ.”

“ಹೋಗು,” ಎಂದ ಬೋಜಪ್ಪ ಶಾಲು ಸರಿಮಾಡಿಕೊಳ್ಳುತ್ತ. “ಎರಡು ಮರಿ ತಾ, ಮಗಳನ್ನು ಕರ್ಕೊಂಡು ಹೋಗು. ನಾನೆಂತ ಕಟ್ಟಿ ಹಾಕಿದ್ದೇನಾ?”

“ಕಟ್ಟಿ ಹಾಕದೆ ಈ ಬರೆ ಬರುದಾ?”

“ನಾಲಗೆ ಬಿಗಿಹಿಡಿ. ಇಲ್ಲಿ ಅಭ್ಯುದಯ ಬರ್ಲಿಕ್ಕೆ ಉಂಟು.”

ಅಭ್ಯುದಯ ಬಂತು. ಕಡಬ ಕಡೆಯಿಂದ ಎತ್ತಿನ ಗಾಡಿಯಲ್ಲಿ, ಮರದ ಗೂಡಿನೊಳಗೆ. ತಂದವನು ಚಾಕೋ. ಕೇರಳದಿಂದ ಬಂದು ಊರಿನ ಗಡಿಯಲ್ಲೇ ರಬ್ಬರ್ ಹಾಕಿಕೊಂಡು ಕೂತ ಮನುಷ್ಯ, ಹಂದಿ ವ್ಯಾಪಾರಿ, ಮಾತಿನಲ್ಲೂ ವ್ಯಾಪಾರಿ. ದೊಡ್ಡ ಕಪ್ಪು ತಳಿ ಅದು, ದವಡೆಯಿಂದ ಬೆರಳುದ್ದದ ಕೋರೆ. ಬಡವರನ್ನು ಉದ್ಧರಿಸುವ ಸೌಮ್ಯತೆ ಅದರ ಮುಖದಲ್ಲಿ ಎಲ್ಲೂ ಇರಲಿಲ್ಲ.

“ಮಾಲೆ ಹಾಕ್ಬೇಕು,” ಅಂದ ಧರ್ಮಪಾಲ.

“ಹಾಕಿ ಹಾಕಿ,” ಎಂದ ಚಾಕೋ ಗಾಡಿಯ ಮೇಲೆ ಇನ್ನೂ ಒಂದು ಮೆಟ್ಟಿಲು ಎತ್ತರಕ್ಕೆ ಹತ್ತುತ್ತ. “ನಾನು ಇಲ್ಲಿಂದ ಕೈ ಚಪ್ಪಾಳೆ ಹೊಡೀತೇನೆ.”

ಗೂಡಿನ ಬಾಗಿಲು ತೆಗೆದರು. ಧರ್ಮಪಾಲ ಚೆಂಡುಮಲ್ಲಿಗೆಯ ಮಾಲೆ ಹಿಡಿದು ಬಗ್ಗಿದ. ‘ನಾಡಿನ ಅಭ್ಯುದಯವು ನಮ್ಮ ಬಾಗಿಲಿಗೆ’ ಎನ್ನುವಷ್ಟರಲ್ಲಿ ಅಭ್ಯುದಯ ಅವನ ತೊಡೆಗೆ ಬಂದಿತ್ತು. ಪಂಚೆಯ ಸಮೇತ ಮಾಂಸ ಸೀಳುವ ಸದ್ದು ಹಿಂದಿನ ಸಾಲಿಗೂ ಕೇಳಿತು. ಕಾರ್ಯದರ್ಶಿ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಪಾನಕದ ಕೊಪ್ಪರಿಗೆಗೆ ಬಿದ್ದ. ಬೆಲ್ಲದ ನೀರು ಕೆಂಪಾಯಿತು. ಹಂದಿ ಚಪ್ಪರದ ಕಂಬಕ್ಕೆ ಢಿಕ್ಕಿ ಹೊಡೆಯಿತು, ಕಂಬ ಜನರ ತಲೆಗೆ ಬಿತ್ತು, ಜನ ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬ ಮುದುಕನ ಮುಂಗೈ ಕಾಲ್ತುಳಿತದಲ್ಲಿ ಮುರಿಯಿತು, ಒಂದು ನಾಯಿಯ ಹೊಟ್ಟೆ ಬಗೆದುಹೋಯಿತು, ಬೋಜಪ್ಪ ಮೇಜಿನ ಮೇಲೆ ನಿಂತು ‘ಶಾಂತಿ, ಶಾಂತಿ’ ಎಂದು ಕೂಗಿದ. ಆಮೇಲೆ ಅಭ್ಯುದಯ ಕೊರಳಲ್ಲಿ ಅರ್ಧ ಮಾಲೆ ಹಾಕಿಕೊಂಡು ಕಾಡಿಗೆ ನುಗ್ಗಿತು. ಬಡವರ ಉದ್ಧಾರಕ್ಕೆ ಬಂದು ಇಷ್ಟು ಬೇಗ ಕಾಡು ಸೇರಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಧರ್ಮಪಾಲನನ್ನು ಕುರ್ಚಿಯಲ್ಲಿ ಹೊತ್ತು ಪುತ್ತೂರಿಗೆ ಸಾಗಿಸಿ ಹೊಲಿಸಿ ತಂದರು. ಅವನು ಊರುಗೋಲು ಹಿಡಿದು ಬಂದ ವಾರವೇ ಸಂಘದ ಇನ್ನೊಂದು ಸಾರಿಕೆ ಹೊರಟಿತು. ಅಭ್ಯುದಯ ಎಲ್ಲಿದ್ದರೂ ಸಂಘದ್ದೇ. ಸಂಘದ ಪ್ರಾಣಿಗೆ ಯಾರು ಹಾನಿ ಮಾಡಿದರೂ, ಅವರ ಮನೆಯಿಂದ ಒಬ್ಬರು ಆ ಹಾನಿಗೆ ಬದಲಾಗಿ ಜೀವಮಾನದ ತರಬೇತಿಗೆ ಬರತಕ್ಕದ್ದು.

ಅಲ್ಲಿಗೆ ಅಭ್ಯುದಯಕ್ಕೆ ತಡೆಯೇ ಇಲ್ಲವಾಯಿತು. ಅದು ಹಗಲಿನಲ್ಲೇ ಬಂದು ಮರಗೆಣಸು ಅಗೆಯಿತು, ಬಾಳೆ ಉರುಳಿಸಿತು, ಅಟ್ಟಲು ಹೋದ ಎರಡು ನಾಯಿಗಳ ಕರುಳನ್ನು ಬೇಲಿಗೆ ತೋರಣ ಮಾಡಿ ಹಾಕಿತು. ದೊಣ್ಣೆ ಎತ್ತುವ ಧೈರ್ಯ ಯಾರಿಗೂ ಇಲ್ಲ. ಎತ್ತಿದರೆ ಮಗಳೋ ಮಗನೋ ಬೋಜಪ್ಪನ ಹಟ್ಟಿಗೆ. “ಸಂಘ ಹೇಳಿದ ಮಾತಿಗೆ ತಪ್ಪಲಿಲ್ಲ ಮಾರಾಯ್ರೆ, ಅಭ್ಯುದಯ ಈಗ ಮನೆ ಮನೆಗೆ ಬರ್ತಾ ಉಂಟು,” ಎಂದು ಜನ ಪಿಸುಗುಟ್ಟಿದರು.

ಊರೆಲ್ಲ ಅದು ಬಾರದಿರಲೆಂದು ಹರಕೆ ಹೊರುವಾಗ ದುಗ್ಗಮ್ಮ ಒಬ್ಬಳು ಬರಲೆಂದು ಹೊತ್ತಳು. ಬಂದರೆ ತಾನೆ ಅವಳ ಹಂದಿಗೆ ಮರಿ, ಮರಿಯಾದರೆ ತಾನೆ ಮಗಳು? ದಿನವೂ ಹೆಣ್ಣುಹಂದಿಯನ್ನು ಅಂಗಳದ ಮೂಲೆಯ ಹಲಸಿನ ಮರಕ್ಕೆ ಕಟ್ಟಿ, ಅಕ್ಕಚ್ಚು ಇಟ್ಟು, ಕಾಡಿನ ಕಡೆ ನೋಡುತ್ತ ಕೂತುಕೊಳ್ಳುವಳು. ಮಗಳಿಗೆ ಗಂಡು ಹುಡುಕುವ ಪ್ರಾಯದಲ್ಲಿ ಹಂದಿಗೆ ಗಂಡು ಕಾಯುವ ಹಣೆಬರಹ ಎಂದು ತನ್ನನ್ನೇ ಬೈದುಕೊಳ್ಳುವಳು.

ಹಾಗಿರುವಾಗ ಕೆಡ್ಡಸ ಬಂತು.

ಕೆಡ್ಡಸವೆಂದರೆ ಭೂಮಿ ಹೊರಗೆ ಕೂರುವ ಮೂರು ದಿನ. ನೆಲ ಅಗೆಯಬಾರದು, ಹಸಿ ಕಡಿಯಬಾರದು, ಒಣಗಿದ್ದು ಮುರಿಯಬಾರದು. ಕಡೇ ದಿನ ಹೆಂಗಸರು ನೆಲಕ್ಕೆ ಎಣ್ಣೆ, ಅರಸಿನ, ಸೀಗೆ ಇಟ್ಟು ಮೀಯಿಸುತ್ತಾರೆ. ಗಂಡಸರು ಅದೇ ದಿನ ಕೋವಿ, ಕತ್ತಿ, ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುತ್ತಾರೆ. ಒಂದು ಹುಲ್ಲುಕಡ್ಡಿ ಕಡಿದರೆ ದೋಷ, ಒಂದು ಜೀವ ಕಡಿದರೆ ಸಂಪ್ರದಾಯ.

ಎಣ್ಣೆ ಇಡಲಿಕ್ಕೆಂದು ಸೇವಂತಿಗೆ ಮಧ್ಯಾಹ್ನದ ತನಕ ಬಿಡುವು ಸಿಕ್ಕಿತ್ತು. ತಾಯಿ ಮಗಳು ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನೆಲಕ್ಕೆ ಎಣ್ಣೆ ಹೊಯ್ದರು. ಉಳಿದದ್ದನ್ನು ದುಗ್ಗಮ್ಮ ಮಗಳ ಬೆನ್ನಿಗೆ ಹಚ್ಚಿದಳು. ಬೆನ್ನಿನಲ್ಲಿ ಹೊಸ ಬರೆಗಳಿದ್ದವು.

“ಮೆಲ್ಲ ಅವ್ವ. ಉರೀತದೆ.”

“ಯಾಕೆ ಹೊಡೆದದ್ದು ಈ ಸಲ?”

“ಹಾಲು ಉಕ್ಕಿತು.”

“ಯಾರು ಹೊಡೆದದ್ದು?”

“ಅಧ್ಯಕ್ಷರು. ಸಂಘದ ಕೆಲಸ ಯಾವುದೂ ಬೇರೆಯವರಿಗೆ ಬಿಡುದಿಲ್ಲ ಅವರು.”

ಕಾಡಿನಲ್ಲಿ ಡೋಲು, ಕೂಗು, ನಾಯಿಗಳ ಬೊಗಳು ಹತ್ತಿರ ಹತ್ತಿರ ಬಂದವು. ಕಾಡುಹಂದಿಗೆಂದು ಪೊದೆಗೆ ಕಲ್ಲು ತೂರಿದವರಿಗೆ ಒಳಗಿರುವುದು ಯಾರೆಂದು ಕಂಡಿರಲಿಲ್ಲ, ನಾಯಿಗಳಿಗೆ ಸಂಘದ ಸಾರಿಕೆ ತಿಳಿಯದು. ಪೊದೆ ಬಿರಿಯಿತು. ಅಟ್ಟಿಸಿಕೊಂಡು ಬಂದ ಅಭ್ಯುದಯ ಬಾಯಿ ತುಂಬ ನೊರೆ, ಬೆನ್ನ ತುಂಬ ಕಲ್ಲೇಟು, ಕಿವಿಗೆ ಕಚ್ಚಿಕೊಂಡು ನೇತಾಡುವ ಒಂದು ನಾಯಿಯೊಂದಿಗೆ ಬೇಲಿ ಮುರಿದು ಅಂಗಳಕ್ಕೆ ಬಿತ್ತು.

“ಬಂತು!” ಎಂದಳು ದುಗ್ಗಮ್ಮ. ಒಂದು ಕ್ಷಣ ಅವಳ ಮುಖದಲ್ಲಿ ನಿಜವಾಗಿ ಸಂತೋಷವಿತ್ತು.

ಅಭ್ಯುದಯ ನಾಯಿಯನ್ನು ಹಲಸಿನ ಮರಕ್ಕೆ ಅಪ್ಪಳಿಸಿ ಬಿಸಾಡಿತು. ಹೆಣ್ಣುಹಂದಿ ಮೂತಿ ಎತ್ತಿ ಗುರ್ ಎಂದಿತು. ಹೆದರಿದ, ಹುಚ್ಚೆದ್ದ ಗಂಡಿಗೆ ಎದುರಿಗಿದ್ದದ್ದು ಹೆಣ್ಣೋ ನಾಯಿಯೋ ಕೋವಿಯೋ ಗೊತ್ತಾಗುವ ಸ್ಥಿತಿ ಇರಲಿಲ್ಲ. ಕೆಳಗಿನಿಂದ ಕೋರೆ ಹಾಕಿ ಒಮ್ಮೆ ಎತ್ತಿತು. ಹಗ್ಗ ಕುತ್ತಿಗೆಗೆ ಬಿಗಿದುಕೊಂಡು ಹೆಣ್ಣುಹಂದಿ ನೇತಾಡಿತು. ಹೊಟ್ಟೆಯಲ್ಲಿದ್ದದ್ದೆಲ್ಲ ಎಣ್ಣೆ ಹೊಯ್ದ ನೆಲಕ್ಕೆ ಸುರಿಯಿತು. ದುಗ್ಗಮ್ಮನ ಹದಿನಾಲ್ಕು ವಾರದ ಅಕ್ಕಚ್ಚು, ಹುಟ್ಟಬೇಕಿದ್ದ ಎರಡು ಮರಿ, ಬರಬೇಕಿದ್ದ ಮಗಳು, ಎಲ್ಲ ಅದರಲ್ಲೇ ಇತ್ತು.

ಆಮೇಲೆ ಅದು ಸೇವಂತಿಯತ್ತ ತಿರುಗಿತು.

ಹುಡುಗಿ ಓಡಲು ನೋಡಿ ಎಣ್ಣೆಯಲ್ಲಿ ಜಾರಿ ಬಿದ್ದಳು. ದುಗ್ಗಮ್ಮ ಮಾಡಿಗೆ ಸಿಕ್ಕಿಸಿದ್ದ ಕತ್ತಿ ಎಳೆದಳು. ಮೂರು ದಿನದಿಂದ ಮುಟ್ಟದ ಕತ್ತಿ. ಹಸಿ ಕಡಿಯಬಾರದು, ಒಣಗಿದ್ದು ಮುರಿಯಬಾರದು. ಹಂದಿ ಹಸಿಯೂ ಅಲ್ಲ, ಒಣಗಿದ್ದೂ ಅಲ್ಲ. ಮೊದಲ ಏಟು ಮೂತಿಗೆ ಬಿದ್ದು ಮೂಳೆಗೆ ತಾಗಿ ಜಾರಿತು. ಹಂದಿ ಅವಳ ಮೀನಖಂಡ ಸೀಳಿತು. ಅವಳು ಬಿದ್ದಳು, ಬಿದ್ದಲ್ಲಿಂದಲೇ ಅದರ ಕಿವಿ ಹಿಡಿದು ಜೋತುಬಿದ್ದು ಕುತ್ತಿಗೆಯ ಸಂದಿಗೆ ಕೊಚ್ಚಿದಳು. ಪುನಃ ಕೊಚ್ಚಿದಳು. “ಇದು ಹಾಲಿಗೆ,” ಎಂದಳು. “ಇದು ತೋಳಿಗೆ. ಇದು ಬೆನ್ನಿಗೆ.” ಅಭ್ಯುದಯದ ಕಾಲು ಮಡಚಿತು. ರಕ್ತ ಅವಳ ಬಾಯಿಗೆ, ಕಣ್ಣಿಗೆ ಚಿಮ್ಮಿತು. ಅದು ಸತ್ತ ಮೇಲೂ ಅವಳ ಕೈ ನಿಲ್ಲಲಿಲ್ಲ. “ಸಾಕು ಅವ್ವ, ಸತ್ತಿತು,” ಎಂದು ಸೇವಂತಿ ರಟ್ಟೆ ಹಿಡಿದು ನಿಲ್ಲಿಸಬೇಕಾಯಿತು.

ಬೇಟೆಯ ಗುಂಪು ಓಡಿ ಬಂತು. ಮುಂದೆ ಬೋಜಪ್ಪ, ಕೋವಿ, ನಾಯಿ. ಹಿಂದೆ ಅವನ ಆಳುಗಳು. ಅವರ ಹಿಂದೆ ಸಂಘದ ಉಳಿದ ಹನ್ನೊಂದು ಮನೆಯ ಗಂಡಸರು. ಕಡೆಯಲ್ಲಿ ಊರುಗೋಲಿನ ಧರ್ಮಪಾಲ. ಮಾಂಸದ ವಾಸನೆ ಇದ್ದಲ್ಲಿ ಇರುವ ಚಾಕೋ ಅವನ ಬದಿಯಲ್ಲಿ.

ಬೋಜಪ್ಪ ಎರಡು ಹೆಣ ನೋಡಿದ. ಮುಖ ಮೊದಲು ಬಿಳಿಯಾಗಿ ಆಮೇಲೆ ಕೆಂಪಾಯಿತು. ನಂತರ, ಸಂಘದ ಅಧ್ಯಕ್ಷ ಲೆಕ್ಕ ಹಾಕುವಾಗ ಬರುವ ಶಾಂತಿ ಬಂತು.

“ಎರಡು ಪ್ರಾಣಿ ಹೋಯ್ತು. ಎರಡಕ್ಕೆ ಎರಡು ಜನ. ಮಗಳು ಇದ್ದಾಳೆ, ಇನ್ನು ತಾಯಿಯೂ ಬರ್ಲಿ. ಜೀವಮಾನ.”

“ಥೂ,” ಎಂದು ದುಗ್ಗಮ್ಮ ಬಾಯಿಯ ರಕ್ತ ಉಗುಳಿದಳು. ಹಂದಿಯದ್ದೋ ತನ್ನದೋ, ಬಿದ್ದದ್ದು ಮಾತ್ರ ಅಧ್ಯಕ್ಷರ ಪಾದಕ್ಕೆ.

ಬೋಜಪ್ಪ ಕೋವಿ ತಿರುಗಿಸಿ ಹಿಡಿಯಿಂದ ಅವಳ ಭುಜಕ್ಕೆ ಹೊಡೆದ. ಎಲುಬು ಲಟ್ ಎಂದಿತು. ಎರಡನೇ ಏಟಿಗೆ ಕೈ ಎತ್ತಿದಾಗ ಸೇವಂತಿ ಗೋಡೆಗೊರಗಿಸಿದ್ದ ಒನಕೆ ಎತ್ತಿ ಅವನ ಮೊಣಕಾಲಿಗೆ ಬೀಸಿದಳು. ಮೂರು ತಿಂಗಳ ತರಬೇತಿ ವ್ಯರ್ಥವಾಗಿರಲಿಲ್ಲ, ನೀರು ಸೇದಿದ ಕೈ ಅದು. ಅಧ್ಯಕ್ಷ ಸ್ವಂತ ಕಾಲಿನ ಮೇಲೆ ನಿಲ್ಲಲಾಗದೆ ಹೆಣ್ಣುಹಂದಿಯ ಕರುಳಿಗೆ ಬಿದ್ದ. ಆಳುಗಳು ಹುಡುಗಿಯ ಜುಟ್ಟು ಹಿಡಿದರು. ಅಷ್ಟರ ತನಕ ನೆಲ ನೋಡುತ್ತ ನಿಂತಿದ್ದ ಹನ್ನೊಂದು ಮನೆಯ ಗಂಡಸರಲ್ಲಿ ಒಬ್ಬ ಆಳಿನ ಕಿವಿಗೆ ಬಾರಿಸಿದ. ಆಮೇಲೆ ಯಾರು ಯಾರಿಗೆ ಹೊಡೆದರು ಎನ್ನುವುದಕ್ಕೆ ಲೆಕ್ಕವಿಲ್ಲ. ಹಲ್ಲು ಉದುರಿತು, ಮೂಗು ಒಡೆಯಿತು, ಒಬ್ಬನ ಬೆರಳು ಇನ್ನೊಬ್ಬನ ಬಾಯಲ್ಲಿ ಸಿಕ್ಕಿತು. ಊರುಗೋಲನ್ನು ಯಾರೋ ಕಿತ್ತುಕೊಂಡು ಧರ್ಮಪಾಲನಿಗೇ ಹೊಡೆದು ಅವನನ್ನು ಕಸದ ರಾಶಿಗೆ ಕೆಡವಿದರು. ನಾಯಿಗಳು ಪಕ್ಷಭೇದವಿಲ್ಲದೆ ಕಚ್ಚಿದವು.

ಚಾಕೋ ಮಾತ್ರ ಅಭ್ಯುದಯದ ಹೆಣದ ಮೇಲೆ ಕೂತು ಬೀಡಿ ಹಚ್ಚಿದ. ಎರಡು ದಮ್ಮು ಎಳೆದು ದೊಡ್ಡ ಸ್ವರದಲ್ಲಿ ಕೇಳಿದ:

“ಗೌಡ್ರೆ, ಪಾಲು ಯಾವಾಗ?”

ಜಗಳ ಗಕ್ಕನೆ ನಿಂತಿತು. ಈ ಊರಿನಲ್ಲಿ ದೇವರ ಹೆಸರು ಹೇಳಿ ನಿಲ್ಲಿಸಲಾಗದ ಜಗಳವೂ ಬೇಟೆಯ ಪಾಲಿನ ಮಾತಿಗೆ ನಿಲ್ಲುತ್ತದೆ.

“ಎಂತ ಪಾಲು? ಇದು ಬೇಟೆ ಅಲ್ಲ. ಸಂಘದ ಸೊತ್ತು,” ಎಂದ ಬೋಜಪ್ಪ ನೆಲದಿಂದಲೇ.

“ಎಂಡೆ ಕರ್ತಾವೇ, ದೇವರೇ! ಹೋದ ಕೆಡ್ಡಸಕ್ಕೆ ನನ್ನ ಹಂದಿ ಬೇಲಿ ದಾಟಿ ಇತ್ಲಾಗಿ ಬಂದದ್ದು, ನೀವು ಹೊಡೆದದ್ದು, ನಾನು ಅಳ್ತಾ ಬಂದದ್ದು ನೆನಪುಂಟಾ? ಆಗ ಎಂತ ತೀರ್ಪು ಕೊಟ್ರಿ? ಕೆಡ್ಡಸದ ದಿನ ಯಜಮಾನನ ಬೇಲಿ ದಾಟಿದ ಹಂದಿ ಕಾಡಿನದ್ದು, ಅದು ಯಾರ ಗೂಡಲ್ಲಿ ಹುಟ್ಟಿದ್ರೂ. ಹಾಗೆ ಹೇಳಿ ನನ್ನ ಹಂದಿಯ ತೊಡೆ ನನ್ನೆದುರೇ ಕೊಂಡೋದ್ರಿ. ಇವ್ರೆಲ್ಲ ತಿಂದಿದ್ದಾರೆ. ಕೇಳಿ.”

“ತಿಂದದ್ದು ಹೌದು,” ಎಂದರು ನಾಲ್ಕೈದು ಮಂದಿ, ಬಾಯಿಯ ರಕ್ತ ಒರೆಸಿಕೊಳ್ಳುತ್ತ.

“ಅದು ನಿನ್ನ ಹಂದಿ, ನಿನಗೆ ಬೇಲಿ ಉಂಟು,” ಎಂದ ಬೋಜಪ್ಪ. “ಸಂಘಕ್ಕೆ ಎಲ್ಲಿಯ ಬೇಲಿ? ಊರೆಲ್ಲ ಸಂಘದ್ದೇ. ಅಭ್ಯುದಯ ಎಲ್ಲಿದ್ರೂ ಸಂಘದ ಒಳಗೇ ಉಂಟು.”

“ಸರಿಯಾದ ಮಾತು,” ಎಂದ ಧರ್ಮಪಾಲ ಕಸದ ರಾಶಿಯಿಂದ.

ದುಗ್ಗಮ್ಮ ಮುರಿದ ಭುಜ ಹಿಡಿದುಕೊಂಡು ಎದ್ದು ಕೂತಳು. ನೋವಿಗೆ ಹಲ್ಲು ಕಟಕಟ ಎನ್ನುತ್ತಿತ್ತು, ಮಾತು ಮಾತ್ರ ಸ್ಪಷ್ಟವಿತ್ತು.

“ಹಾಗಾದ್ರೆ ಸಂಘದ ಹೆಣ್ಣುಹಂದಿಯನ್ನು ಕೊಂದದ್ದು ಸಂಘವೇ ಆಯ್ತಲ್ಲ ಧನಿಗಳೇ? ಹಾನಿ ಮಾಡಿದವರ ಮನೆಯಿಂದ ಒಬ್ರು ಬರ್ಬೇಕು ಅಂತ ನೀವೇ ಸಾರಿದ್ದು. ಸಂಘದ ಮನೆ ಯಾವುದು? ನಿಮ್ಮದೇ. ನಿಮ್ಮ ಮಗನನ್ನು ಕಳಿಸಿ. ಹಾಲು ಉಕ್ಕಿಸಿದ್ರೆ ನಾನೂ ತರಬೇತಿ ಕೊಡ್ತೇನೆ.”

ಯಾರೋ ನಕ್ಕರು. ಒಡೆದ ತುಟಿಯಿಂದ ಬಂದ ನಗು, ಆದರೂ ನಗುವೇ.

ಚಾಕೋ ಬೀಡಿ ನಂದಿಸಿ ದುಗ್ಗಮ್ಮನ ಕತ್ತಿ ಕೈಗೆತ್ತಿಕೊಂಡ. ಹಂದಿಯ ತಲೆ ಕಡಿದು ಅವಳ ಎದುರಿಗಿಟ್ಟ. ಕೊಂದವರಿಗೆ ತಲೆ. ಆಮೇಲೆ ಹಿಂದಿನ ತೊಡೆ ಬಿಡಿಸಿ ಎತ್ತಿ ಹಿಡಿದ.

“ಊರಗೌಡರ ಮೊದಲ ಪಾಲು. ತಕೊಳ್ತೀರಾ, ಬೇಡವಾ? ಬೇಡ ಅಂದ್ರೆ ಪಾಲು ಪಂಜ ಊರಿನ ನಿಮ್ಮ ದಾಯಾದಿ ಮನೆಗೆ. ಬರುವ ವರ್ಷದಿಂದ ಬೇಟೆಯ ಮುಂದಾಳುತನವೂ ಅಲ್ಲಿಗೇ. ನಾನು ಹೇಳುದಲ್ಲ, ಇಲ್ಲಿಯ ಕಟ್ಟುಕಟ್ಟಳೆ.”

ತೊಡೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಇಡೀ ಊರು ಬೋಜಪ್ಪನ ಕೈ ನೋಡಿತು. ತೆಗೆದುಕೊಂಡರೆ ಅದು ಬೇಟೆ. ಬೇಟೆಯ ಪ್ರಾಣಿಗೆ ಯಜಮಾನನಿಲ್ಲ, ಹಾನಿಯಿಲ್ಲ, ತರಬೇತಿಯಿಲ್ಲ. ತೆಗೆದುಕೊಳ್ಳದಿದ್ದರೆ ತಾತ ಮುತ್ತಾತರಿಂದ ಬಂದ ಮೊದಲ ಪಾಲು ದಾಯಾದಿಯ ಒಲೆಗೆ. ಬಡವರ ಉದ್ಧಾರವನ್ನು ಬಿಡಬಹುದು. ದಾಯಾದಿಯ ಉದ್ಧಾರವನ್ನು ಯಾವ ಗೌಡ ಸಹಿಸುತ್ತಾನೆ?

“ಎಲೆ ಎಲ್ಲಿ?” ಎಂದ ಬೋಜಪ್ಪ ಕಡೆಗೆ, ತುಂಬ ಸಣ್ಣ ಸ್ವರದಲ್ಲಿ.

“ಇವತ್ತು ಹಸಿ ಎಲೆ ಕಡಿವ ಹಾಗಿಲ್ಲ ಗೌಡ್ರೆ.”

ಅಧ್ಯಕ್ಷ ಹೆಗಲ ಶಾಲು ತೆಗೆದು ಎರಡು ಕೈಯಲ್ಲಿ ಹರಡಿ ಹಿಡಿದ. ಚಾಕೋ ತೊಡೆಯನ್ನು ಮೇಲಿನಿಂದಲೇ ಬಿಟ್ಟ. ಬಿಳಿ ಶಾಲು ನಡುವಿನಿಂದ ಅಂಚಿನ ತನಕ ಕೆಂಪಾಗುತ್ತ ಬಂತು.

ಹನ್ನೊಂದು ಮನೆಯವರಲ್ಲಿ ಇಬ್ಬರು ಆಗಲೇ ಬೋಜಪ್ಪನ ಹಟ್ಟಿಯ ದಾರಿ ಹಿಡಿದಿದ್ದರು, ತಮ್ಮ ತಮ್ಮ ಮಕ್ಕಳನ್ನು ಕರೆಯಲು. ಸಂಘದ ಗಂಡುಹಂದಿಯ ಪಾಲನ್ನು ಅಧ್ಯಕ್ಷರೇ ತೆಗೆದುಕೊಂಡ ಮೇಲೆ ಎಂತದ್ದರ ಮರಿ, ಎಂತದ್ದರ ತರಬೇತಿ? ಸೇವಂತಿ ತಾಯಿಯ ಕಾಲಿಗೆ ಬಟ್ಟೆ ಕಟ್ಟಲು ಕೂತಳು. ಸೂರ್ಯ ನೆತ್ತಿ ದಾಟಿತ್ತು, ಅವಳ ಬಿಡುವು ಮುಗಿದಿತ್ತು. ಏಳು ಎಂದು ಯಾರೂ ಹೇಳಲಿಲ್ಲ.

“ಹಾಗಾದ್ರೆ, ಸಂಘ?” ಎಂದ ಧರ್ಮಪಾಲ, ಊರುಗೋಲಿಗಾಗಿ ತಡಕಾಡುತ್ತ.

“ಅದಕ್ಕೂ ಪಾಲು ಉಂಟು ಮಾರಾಯ್ರೆ,” ಎಂದ ಚಾಕೋ ಮುಂದಿನ ಕಾಲು ಕಡಿಯುತ್ತ. “ಮೊದಲು ನಾಯಿಗಳ ಪಾಲು ಮುಗೀಲಿ.”